ಮುತ್ತಜ್ಜನ ಜಾಡು ಹಿಡಿಯೋದು ಹೇಗೆ

ನಮ್ಮ ಮುತ್ತಜ್ಜ ಪಟೇಲನೂ ಅಲ್ಲ ಶಾನುಭೋಗನೂ ಅಲ್ಲ, ಗೇಣಿಗೆ ಹೊಲ ಮಾಡ್ತಿದ್ದ ರೈತ, ಅಂಥವರ ಬಗ್ಗೆ ಏನ್ ಸಿಗುತ್ತೆ ಅಂತ ಸುಮ್ನಾಗ್ಬೇಡಿ, ಸಿಗುತ್ತೆ.

ಮೊದ್ಲು ಮನೆಯ ಹಿರಿಯರನ್ನ ಮಾತಾಡ್ಸಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಇದನ್ನ ಮಾತ್ರ ಮುಂದಕ್ಕೆ ಹಾಕ್ಲೇಬೇಡಿ. ಹುಟ್ಟಿದ ಇಸವಿ ಕೇಳಿದ್ರೆ ಯಾರಿಗೂ ಗೊತ್ತಿರಲ್ಲ, ಪ್ಲೇಗ್ ಬಂದಾಗ ಎಷ್ಟು ದೊಡ್ಡವರಿದ್ರಂತೆ ಅಂತ ಕೇಳಿ. ಬೆಂಗಳೂರಿಗೆ ಅದು ಬಂದಿದ್ದು 1898ರಲ್ಲಿ, ಅಂದಾಜು ಅಲ್ಲಿಂದ ಕಟ್ಕೋಬಹುದು.

ಆಮೇಲೆ ಸರ್ವೆ ನಂಬರ್ ಹಿಡ್ಕೊಂಡು ತಾಲೂಕು ಆಫೀಸಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ. ಈಗಿನ ಪಹಣಿ ಆನ್‌ಲೈನಲ್ಲೇ ಇದೆ, ನಮಗೆ ಬೇಕಾಗಿರೋದು ಹಳೇ ಕೈಬರಹದ ಪಹಣಿ ಮತ್ತೆ ಮ್ಯುಟೇಶನ್ ರಿಜಿಸ್ಟರ್, ಅಂದ್ರೆ ಜಮೀನು ಯಾರಿಂದ ಯಾರ ಹೆಸರಿಗೆ ಹೋಯ್ತು ಅಂತ ಬರೆದಿಡೋ ಪುಸ್ತಕ. ಪೌತಿ ಖಾತೆ, ಅಂದ್ರೆ ತೀರ್ಕೊಂಡವರ ಜಮೀನು ವಾರಸುದಾರರ ಹೆಸರಿಗೆ ಆಗಿದ್ರೆ ತೀರ್ಕೊಂಡವರ ಹೆಸರು, ವಾರಸುದಾರರು ಯಾರ್ಯಾರು ಅನ್ನೋದು ಅಲ್ಲೇ ಸಿಗುತ್ತೆ. ಗೇಣಿ ಮನೆತನ ಆದ್ರೆ 1974ರ ಭೂಸುಧಾರಣೆ ತಿದ್ದುಪಡಿ ಆದ್ಮೇಲೆ ಉಳೋ ಹೊಲ ನಮಗೇ ಕೊಡಿ ಅಂತ ಗೇಣಿದಾರರು ಹಾಕಿದ ಅರ್ಜಿ, ಅಂದ್ರೆ ಫಾರಂ 7, ಮತ್ತೆ ಅದನ್ನ ವಿಚಾರಣೆ ಮಾಡಿದ ಭೂನ್ಯಾಯ ಮಂಡಳಿ ಫೈಲ್ ಕೇಳಿ. ನಮ್ಮಜ್ಜನ ಫೈಲಲ್ಲಿ ನೀಲಿ ಹೆಬ್ಬೆಟ್ಟಿನ ಗುರುತು, ಅದರ ಮೇಲೆ ನಮ್ಮ ತಂದೆ ಕಾಲದಿಂದ ಈ ಹೊಲ ಉಳ್ತಿದ್ದೀವಿ ಅನ್ನೋ ಹೇಳಿಕೆ, ಓದ್ತಾ ಕಣ್ಣು ತುಂಬ್ಕೊಂಡ್ಬಿಡ್ತು.

ಒಂದೂರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರ್ತಾರೆ, ಹಾಗಾಗಿ ತಂದೆ ಹೆಸರು ತಾಳೆ ಆಗದೆ ನಮ್ಮವರೇ ಅನ್ಕೋಬೇಡಿ. ಶಾಲೆ ದಾಖಲಾತಿ ಪುಸ್ತಕನೂ ನೋಡಿ.

ಹೆಣ್ಮಕ್ಕಳ ಹೆಸರು ಜಮೀನಿನ ಕಾಗದದಲ್ಲಿ ಕಮ್ಮಿ, ಅದು ನಿಜವಾಗ್ಲೂ ಬೇಜಾರು. ಅವರನ್ನ ಹುಡುಕೋಕೆ ತವರೂರಿಗೇ ಹೋಗ್ಬೇಕು.

ಇನ್ನು ನಿಮ್ಮೂರಿಗೆ ಎತ್ತಿನ ಮೇಲೆ ಬರೋ ಹೆಳವರು ಇದ್ರೆ ಕೂರ್ಸಿ ಕೇಳಿ, ಎಷ್ಟೋ ಮನೆಗಳ ವಂಶಾವಳಿ, ಯಾವೂರಿಂದ ವಲಸೆ ಬಂದ್ರು ಅನ್ನೋದು ಅವರ ಬಾಯಲ್ಲೇ ಇರುತ್ತೆ.