ಕಾಲೇಜಿನ ಆವರಣದಲ್ಲಿ ಗಾಳಿ ವಿದ್ಯುತ್: ಯಂತ್ರ ಕೊಳ್ಳುವ ಮುನ್ನ ಒಂದು ವರ್ಷದ ಕೆಲಸ

ಆಷಾಢದ ಗಾಳಿಗೆ ಹಾಸ್ಟೆಲ್ಲಿನ ಕಿಟಕಿಗಳು ಬಡಿದುಕೊಳ್ಳುವಾಗ, ಇದರಿಂದ ವಿದ್ಯುತ್ತನ್ನೇಕೆ ತಯಾರಿಸಬಾರದು ಎಂದು ಸಾಗರ, ತೀರ್ಥಹಳ್ಳಿ ಕಡೆಯ ಕಾಲೇಜುಗಳಲ್ಲಿ ಯಾರಿಗಾದರೂ ಅನ್ನಿಸುವುದು ಸಹಜ. ಆ ಗಾಳಿ ಕೆಲವು ತಿಂಗಳದ್ದು; ಹೂಡಿದ ಹಣ ಹಿಂತಿರುಗಲು ವರ್ಷದ ಬಹುಪಾಲು ಒಂದೇ ಸಮನೆ ಬೀಸುವ ಗಾಳಿ ಬೇಕು. ಪಕ್ಕದ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಕಂಡು ನಮ್ಮ ಕಾಡು-ಕಣಿವೆಗಳ ಲೆಕ್ಕ ಹಾಕಬಾರದು.

ಮೊದಲು ಜಾಗವನ್ನು ನೋಡಬೇಕು. ಸುತ್ತಲಿನ 150 ಮೀಟರಿನೊಳಗಿರುವ ಮರ, ಕಟ್ಟಡಗಳಿಗಿಂತ ರೆಕ್ಕೆಗಳು ಕನಿಷ್ಠ 10 ಮೀಟರ್ ಮೇಲಿರಬೇಕೆಂಬುದು ಸಣ್ಣ ಟರ್ಬೈನುಗಳಿಗೆ ಸಾಮಾನ್ಯವಾಗಿ ಪಾಲಿಸುವ ನಿಯಮ. ಆವರಣದ ಅಂಚಿನಲ್ಲಿ 25 ಮೀಟರಿನ ನೀಲಗಿರಿಗಳಿದ್ದರೆ ಕಂಬ 35 ಮೀಟರ್ ದಾಟುತ್ತದೆ, ಖರ್ಚಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಗಾಳಿಗಾಗಿ ಮರ ಕಡಿಯುವ ಮಾತನ್ನು ನಾನಂತೂ ಒಪ್ಪಲಾರೆ. ತಾರಸಿಯ ಮೇಲೆ ಕೂರಿಸುವುದೂ ಬೇಡ. ಕಟ್ಟಡಕ್ಕೆ ಬಡಿದ ಗಾಳಿ ಸುಳಿಯಾಗಿ ಏಳುವುದರಿಂದ ಉತ್ಪಾದನೆ ಕುಗ್ಗುತ್ತದೆ, ಕಂಪನ ಗೋಡೆಗಳಿಗೆ ಇಳಿಯುತ್ತದೆ.

ಜಾಗ ಗೊತ್ತುಮಾಡಿದ ಮೇಲೆ ಒಂದು ಕಂಬದ ಎರಡು ಎತ್ತರಗಳಲ್ಲಿ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಕಟ್ಟಿ, ಪ್ರತಿ 10 ನಿಮಿಷದ ಸರಾಸರಿ ವೇಗವನ್ನು ಕನಿಷ್ಠ ಒಂದು ವರ್ಷ ದಾಖಲಿಸಬೇಕು. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ 100, 120 ಮೀಟರ್ ಎತ್ತರದ ಗಾಳಿಯ ನಕ್ಷೆಗಳು ದೊಡ್ಡ ಯಂತ್ರಗಳಿಗೆ ಉಪಯುಕ್ತ; ಗುಡ್ಡದ ಮರೆಯಲ್ಲಿರುವ ಆಟದ ಮೈದಾನದ ಗಾಳಿಯನ್ನು ಅವು ತಿಳಿಸಲಾರವು.

ಇನ್ನು ಲೆಕ್ಕ. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ರೆಕ್ಕೆಚಕ್ರದ ವ್ಯಾಸ 3 ಮೀಟರ್, ಒಟ್ಟು ದಕ್ಷತೆ ಶೇ. 30 ಎಂದಿಟ್ಟುಕೊಂಡರೆ, ಸೆಕೆಂಡಿಗೆ 4 ಮೀಟರ್ ವೇಗದ ಗಾಳಿಯಿಂದ ಸಿಗುವುದು ಸುಮಾರು 80 ವ್ಯಾಟ್, ಅಂದರೆ ದಿನವಿಡೀ ಬೀಸಿದರೂ 2 ಯೂನಿಟ್‌ಗೆ ಕಡಿಮೆ. ವೇಗ 6 ಮೀಟರ್ ಆದರೆ ಅದು 6 ಯೂನಿಟ್ ದಾಟುತ್ತದೆ. ಹೀಗಾಗಿ ವರ್ಷದ ಸರಾಸರಿ ವೇಗವೊಂದನ್ನೇ ಹಿಡಿದು ಲೆಕ್ಕ ಹಾಕುವುದು ತಪ್ಪು. ಪ್ರತಿಯೊಂದು ದಾಖಲೆಯನ್ನೂ ಯಾವ ವೇಗಕ್ಕೆ ಎಷ್ಟು ವಿದ್ಯುತ್ ಎಂದು ತೋರಿಸುವ ತಯಾರಕರ ಪವರ್ ಕರ್ವ್‌ಗೆ ಹೊಂದಿಸಿ, ತಿಂಗಳುವಾರು ಕೂಡಿ, ಮೆಸ್ಕಾಂ ಬಿಲ್ಲಿನ ಯೂನಿಟ್‌ಗಳ ಪಕ್ಕದಲ್ಲಿ ಬರೆಯಬೇಕು.

ಆ ಪಟ್ಟಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಾಲುಗಳನ್ನು ಪ್ರತ್ಯೇಕವಾಗಿ ನೋಡಬೇಕು, ಏಕೆಂದರೆ ಮೋಡ ಕವಿದು ಸೋಲಾರ್ ಫಲಕಗಳು ಸೊರಗುವ ಈ ತಿಂಗಳುಗಳಲ್ಲೇ ನೈಋತ್ಯ ಮಾರುತ ಬಲವಾಗಿರುತ್ತದೆ. ಅಲ್ಲಿ ಗಾಳಿಯ ಯೂನಿಟ್‌ಗಳು ಸೋಲಾರಿನ ಕೊರತೆಯನ್ನು ತುಂಬುವಂತಿದ್ದರೆ ಎರಡನ್ನೂ ಜೋಡಿಸಿದ ಸಣ್ಣ ಘಟಕವನ್ನು ಯೋಚಿಸಬಹುದು. ಇಲ್ಲವಾದರೆ ಅನಿಮೋಮೀಟರನ್ನು ಭೌತಶಾಸ್ತ್ರ ವಿಭಾಗಕ್ಕೆ ಒಪ್ಪಿಸಿ, ಹಣವನ್ನು ತಾರಸಿಯ ಸೋಲಾರಿಗೆ ತೊಡಗಿಸುವುದು ಒಳ್ಳೆಯದು.