ಹಾರ್ಟ್ ಪಂಪಿಂಗ್ ಕಡಿಮೆ ಇರುವವರು ಮತ್ತೆ ಮತ್ತೆ ಅಡ್ಮಿಟ್ ಆಗದಂತೆ ನೋಡಿಕೊಳ್ಳುವುದು ಹೇಗೆ?

ನಾನು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಸ್ಟಾಫ್ ನರ್ಸ್. ಬಿ.ಪಿ., ಶುಗರ್, ಹಾರ್ಟ್ ತೊಂದರೆ ಇರುವವರು ತಿಂಗಳ ಮಾತ್ರೆಗೆ ನಮ್ಮ ಹತ್ತಿರ ಬರುತ್ತಾರೆ. ಇವರಲ್ಲಿ 'ಪಂಪಿಂಗ್ ಕಡಿಮೆ' ಅಂತ ಡಾಕ್ಟರು ಹೇಳಿದವರ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಎಷ್ಟೋ ಜನ ನಡುರಾತ್ರಿ ಏದುಸಿರು ಬಿಡುತ್ತಾ ಆಂಬುಲೆನ್ಸಿನಲ್ಲಿ ಬರುತ್ತಾರೆ. ಆದರೆ ಉಸಿರು ಕೆಟ್ಟದ್ದು ಅವತ್ತು ರಾತ್ರಿಯಲ್ಲ. ಸಾಮಾನ್ಯವಾಗಿ ಎಷ್ಟೋ ದಿನ ಮುಂಚಿನಿಂದಲೇ ಮೈಯಲ್ಲಿ ನೀರು ನಿಲ್ಲುತ್ತಾ ಬಂದಿರುತ್ತದೆ. ಆಗಲೇ ಓಪಿಡಿಗೆ ಬಂದಿದ್ದರೆ ಎಷ್ಟೋ ಸಲ ಡೋಸ್ ಬದಲಿಸಿ ಮನೆಗೆ ಕಳಿಸಬಹುದಿತ್ತು.

ಆ ನೀರನ್ನು ಹಿಡಿಯಲು ತೂಕದ ಮಷಿನ್ ಸಾಕು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ ತೂಕ ನೋಡಿ. ಮಷಿನ್ ಗಟ್ಟಿ ನೆಲದ ಮೇಲಿರಲಿ, ಚಾಪೆಯ ಮೇಲೆ ಬೇಡ. ದಿನಾ ಒಂದೇ ಮಷಿನ್, ಹೆಚ್ಚುಕಮ್ಮಿ ಅಷ್ಟೇ ಬಟ್ಟೆ. ಬಂದ ತೂಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲೇ ಬರೆಯಿರಿ. ಮೂರು ದಿನದಲ್ಲಿ 2 ಕೆ.ಜಿ.ಗಿಂತ ಜಾಸ್ತಿ ಏರಿದರೆ ಅವತ್ತೇ ಓಪಿಡಿಗೆ ಕರೆದುಕೊಂಡು ಬನ್ನಿ. ಊಟ ಸರಿಯಾಗಿ ಸೇರದೇ ಇರುವವರು ಮೂರು ದಿನದಲ್ಲಿ ಅಷ್ಟು ದಪ್ಪ ಆಗಲ್ಲ, ಅಲ್ವಾ? ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುವುದು, ಕಣಕಾಲು ಒತ್ತಿದರೆ ಗುಳಿ ಬೀಳುವುದು, ರಾತ್ರಿ ಮಲಗಲು ಇನ್ನೊಂದು ದಿಂಬು ಕೇಳುವುದು, ಇವೂ ಅದೇ ನೀರಿನ ಗುರುತು.

ಇನ್ನು ನೀರಿನ ಮಾತ್ರೆ, ಅಂದರೆ ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ. ಮದುವೆಗೋ ಜಾತ್ರೆಗೋ ಬಸ್ಸಿನಲ್ಲಿ ಹೋಗುವ ದಿನ ಅದನ್ನು ಬಿಟ್ಟುಬಿಡುತ್ತಾರೆ. ದಾರಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಅನ್ನುವ ಭಯ, ಹೆಂಗಸರಿಗಂತೂ ನಿಜವಾದ ಕಷ್ಟ. ಮಾತ್ರೆ ಬಿಡಬೇಡಿ. ಊರು ಸೇರಿದ ಮೇಲೆ ತಗೊಳ್ಳಬಹುದಾ ಅಂತ ಮೊದಲೇ ನಮ್ಮನ್ನು ಕೇಳಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಸುಮ್ನೆ ನೋವಿನ ಮಾತ್ರೆ ತಂದು ನುಂಗಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿ.

ಡಿಸ್ಚಾರ್ಜ್ ಆದ ಮೇಲಿನ ಮೊದಲ ವಾರ ತುಂಬಾ ಮುಖ್ಯ. ಉಸಿರು ಹಗುರಾಗಿರುತ್ತದೆ, 'ಈಗ ಚೆನ್ನಾಗಿದ್ದಾರೆ' ಅಂತ ಮನೆಯವರು ರಿವ್ಯೂಗೆ ಬರುವುದಿಲ್ಲ. ಅಮೆರಿಕದ ಆಸ್ಪತ್ರೆಗಳ ಮೇಲೆ 2010ರಲ್ಲಿ ಬಂದ ಅಧ್ಯಯನ ಇದನ್ನೇ ನೋಡಿತು. ಡಿಸ್ಚಾರ್ಜ್ ಆದ 7 ದಿನದೊಳಗೆ ಹೆಚ್ಚು ಹಾರ್ಟ್ ರೋಗಿಗಳು ಡಾಕ್ಟರಿಗೆ ತೋರಿಸಿಕೊಂಡ ಕಡೆ, 30 ದಿನದಲ್ಲಿ ಮತ್ತೆ ಅಡ್ಮಿಟ್ ಆದವರು ಕಡಿಮೆ. 2017ರಲ್ಲಿ ಇಂಗ್ಲೆಂಡಿನಿಂದ ಬಂದ ಅಧ್ಯಯನದಲ್ಲಿ, ಒಬ್ಬರೇ ಡಾಕ್ಟರಿಗೆ ಹೆಚ್ಚಾಗಿ ತೋರಿಸುವ ವಯಸ್ಸಾದವರು ಓಪಿಡಿಯಲ್ಲೇ ಹಿಡಿತಕ್ಕೆ ತರಬಹುದಾದ ಇಂಥ ಕಾಯಿಲೆಗಳಿಗೆ ಅಡ್ಮಿಟ್ ಆಗುವುದು ಕಡಿಮೆ ಇತ್ತು. ನಮ್ಮಲ್ಲಿ ಡಾಕ್ಟರು ವರ್ಗವಾಗಿ ಹೋಗುತ್ತಾರೆ, ಏನು ಮಾಡುವುದು? ಅದಕ್ಕೇ ಒಂದು ಫೈಲ್ ಇಡಿ: ಡಿಸ್ಚಾರ್ಜ್ ಸಮ್ಮರಿ, ಎಕೋ (ಹಾರ್ಟಿನ ಸ್ಕ್ಯಾನ್) ರಿಪೋರ್ಟ್, ಡಾಕ್ಟರು ಬರೆದ ಕೊನೆಯ ಚೀಟಿ. ಬರುವಾಗ ಕ್ಯಾಲೆಂಡರಿನ ಹಾಳೆಯನ್ನೂ ತನ್ನಿ. ಹೊಸ ಡಾಕ್ಟರಿಗೆ ಅದೊಂದೇ ಹಾಳೆ ಎಷ್ಟೋ ಹೇಳುತ್ತದೆ.

ಇದು ಹಾರ್ಟಿಗೆ ಮಾತ್ರ ಅಲ್ಲ. 1993ರಲ್ಲಿ ಜಾನ್ ಬಿಲ್ಲಿಂಗ್ಸ್ ಮತ್ತು ಸಂಗಡಿಗರು ನ್ಯೂಯಾರ್ಕ್ ನಗರದ ಲೆಕ್ಕ ತೆಗೆದಾಗ, ಓಪಿಡಿಯಲ್ಲೇ ಹಿಡಿತಕ್ಕೆ ತರಬಹುದಾದ ಅಸ್ತಮಾದಂಥ ಕಾಯಿಲೆಗಳಿಗೆ ಬಡವರ ಬಡಾವಣೆಗಳಿಂದಲೇ ಜಾಸ್ತಿ ಜನ ಅಡ್ಮಿಟ್ ಆಗಿದ್ದರು. ನಮ್ಮ ಕಡೆ ಒಂದು ದಿನದ ಕೂಲಿ ಬಿಟ್ಟು ಓಪಿಡಿಗೆ ಬರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದ್ದರಿಂದ ಬರಲಾಗದ ದಿನ ಆಶಾ ಅಕ್ಕನಿಗೆ ಫೋನ್ ಮಾಡಿ ತೂಕ ಹೇಳಿ, ಇಲ್ಲವೇ ಉಪಕೇಂದ್ರದಲ್ಲಿ ಇ-ಸಂಜೀವಿನಿ (ಸರ್ಕಾರದ ಆನ್‌ಲೈನ್ ಡಾಕ್ಟರ್ ಸೇವೆ) ಮೂಲಕ ಡಾಕ್ಟರ ಹತ್ತಿರ ಮಾತಾಡಿಸಲು ಕೇಳಿ.

ಎದೆ ನೋವು, ಕೂತಲ್ಲೇ ಏದುಸಿರು, ತುಟಿ ನೀಲಿಗಟ್ಟುವುದು, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದೇ ಆದರೂ ಓಪಿಡಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.