ಕರೆಂಟ್ ಬಿಲ್ಲಿನಿಂದ ಶುರುವಾದ ನನ್ನ ಪರಿಸರದ ಕೆಲಸ

ಡಿಗ್ರಿ ಎರಡನೇ ವರ್ಷದಲ್ಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ, ಪರಿಸರಕ್ಕೆ ಸಂಬಂಧಪಟ್ಟ ಕೆಲಸವನ್ನೇ ಮಾಡಬೇಕು ಅಂತ. ಆದರೆ ಆ ಕೆಲಸದಲ್ಲಿರುವವರು ಬೆಳಗ್ಗೆ ಆಫೀಸಿಗೆ ಹೋಗಿ ಏನು ಮಾಡುತ್ತಾರೆ ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಓದುತ್ತಿದ್ದದ್ದು ರಸಾಯನಶಾಸ್ತ್ರ. ಗಿಡ ನೆಡುವುದು, ಪ್ಲಾಸ್ಟಿಕ್ ಆರಿಸುವುದು, ಪೋಸ್ಟರ್ ಅಂಟಿಸುವುದು, ನನಗೆ ಗೊತ್ತಿದ್ದದ್ದು ಇಷ್ಟೇ. ಒಳ್ಳೆಯ ಕೆಲಸಗಳೇ. ಆದರೆ ಇವುಗಳನ್ನು ನಂಬಿ ಬದುಕು ಕಟ್ಟಿಕೊಳ್ಳುವುದು ಹೇಗೆ ಅನ್ನುವುದು ತಿಳಿಯುತ್ತಿರಲಿಲ್ಲ.

ಈಗ ಹತ್ತು ವರ್ಷಕ್ಕೂ ಮೇಲಾಯಿತು, ಕಂಪನಿಗಳ ಕಾರ್ಬನ್ ಲೆಕ್ಕ ಹಾಕುವುದು, ಬೇರೆಯವರು ಹಾಕಿದ ಲೆಕ್ಕ ಪರಿಶೀಲಿಸುವುದು, ಇದೇ ನನ್ನ ವೃತ್ತಿ. ಇಲ್ಲಿಗೆ ಹೇಗೆ ಬಂದಿರಿ ಅಂತ ಕೇಳುವ ವಿದ್ಯಾರ್ಥಿಗಳು ಜಾಸ್ತಿಯಾಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಒಂದು ಪ್ರಶ್ನೆ ಇಟ್ಟುಕೊಂಡೆ. ನಮ್ಮ ಕ್ಯಾಂಪಸ್ ಒಂದು ವರ್ಷಕ್ಕೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ? ಇದನ್ನು ಎಣಿಸಲು ಎಲ್ಲರೂ ಒಪ್ಪಿದ ಕ್ರಮವೊಂದು ಇದೆ ಅಂತ ಗೊತ್ತಾದದ್ದೇ ಆಗ. 2001ರಲ್ಲಿ ಬಂದ ಜಿಎಚ್‌ಜಿ ಪ್ರೋಟೋಕಾಲ್, ಅಂದರೆ ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲಗಳನ್ನು ಎಣಿಸುವ ನಿಯಮಾವಳಿ, ಲೆಕ್ಕವನ್ನು ಮೂರು ಭಾಗ ಮಾಡುತ್ತದೆ. ನಾವೇ ಸುಡುವ ಇಂಧನ, ನಮ್ಮಲ್ಲೇ ಸೋರುವ ಅನಿಲ ಸ್ಕೋಪ್ 1. ಕೊಂಡು ಬಳಸುವ ಕರೆಂಟ್ ಸ್ಕೋಪ್ 2. ಕೊಂಡ ಸಾಮಾನು, ಸಾಗಣೆ, ಜನರ ಓಡಾಟ, ಕಸ, ಹೀಗೆ ನಮ್ಮಿಂದಾಗಿ ಗೇಟಿನ ಆಚೆ ಆಗುವುದೆಲ್ಲ ಸ್ಕೋಪ್ 3. ಅದರಲ್ಲೇ 15 ವಿಭಾಗಗಳಿವೆ. ಈ ದಾಖಲೆ ಉಚಿತವಾಗಿ ಸಿಗುತ್ತದೆ. ಕೂತು ಎರಡು ಸಲ ಓದಿದೆ.

ಕಷ್ಟವಾದದ್ದು ಬಿಲ್ಲುಗಳನ್ನು ಒಟ್ಟು ಮಾಡುವುದು. ಕೆಲವು ಅಕೌಂಟ್ಸ್ ಸೆಕ್ಷನ್‌ನಲ್ಲಿ, ಕೆಲವು ಯಾರದೋ ಬೀರುವಿನಲ್ಲಿ. ಹಾಸ್ಟೆಲಿಗೆ ಬೇರೆ ಬಿಲ್ಲೇ ಇರಲಿಲ್ಲ, ಸಬ್ ಮೀಟರ್ ರೀಡಿಂಗ್ ಬರೆದ ಪುಸ್ತಕ ಮಾತ್ರ ಇತ್ತು. ಐದು ವಾರ ಓಡಾಡಿ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿ, ಮೀಟರ್ ರೂಮಿನ ಎಲೆಕ್ಟ್ರಿಷಿಯನ್ ಅವರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ ಹೇಳಿದರು:

"ನೋಡಮ್ಮಾ, ಈ ಸಬ್ ಮೀಟರ್‌ನಲ್ಲಿ ಜನರೇಟರ್ ಕರೆಂಟೂ ಓಡುತ್ತೆ. ನೀನು ಡೀಸೆಲ್ ಬೇರೆ ಲೆಕ್ಕ ಹಾಕಿದ್ದೀಯ. ಒಂದನ್ನೇ ಎರಡು ಸಲ ಎಣಿಸಿದ ಹಾಗಾಯ್ತು ಅಲ್ವಾ?"

ಹೌದು, ಹಾಗೇ ಆಗಿತ್ತು. ಡಬಲ್ ಕೌಂಟಿಂಗ್ ಅನ್ನುವುದು ಈ ವೃತ್ತಿಯವರು ದಿನವೂ ಹುಡುಕುವ ತಪ್ಪು. ಅದನ್ನು ನನಗೆ ಮೊದಲು ತೋರಿಸಿಕೊಟ್ಟದ್ದು ಅವರು. ಈಗಲೂ ಯಾವ ಕಾರ್ಖಾನೆಗೆ ಹೋದರೂ ನಾನು ಮೊದಲು ಮಾತಾಡುವುದು ಮೀಟರ್ ನೋಡಿಕೊಳ್ಳುವವರ ಜೊತೆ.

ಅದೇ ಪ್ರಾಜೆಕ್ಟಿನಲ್ಲಿ ನನ್ನ ಓದು ಎಲ್ಲಿ ಕೆಲಸಕ್ಕೆ ಬರುತ್ತದೆ ಅನ್ನುವುದೂ ಗೊತ್ತಾಯಿತು. ಒಂದು ಲೀಟರ್ ಡೀಸೆಲ್ ಒಂದು ಕೆಜಿಯೂ ತೂಗುವುದಿಲ್ಲ. ಉರಿದಾಗ ಮಾತ್ರ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಗೆಳತಿಯರು ನಂಬಲಿಲ್ಲ. 12 ಗ್ರಾಂ ಇಂಗಾಲಕ್ಕೆ ಗಾಳಿಯಲ್ಲಿರುವ 32 ಗ್ರಾಂ ಆಮ್ಲಜನಕ ಸೇರಿ 44 ಗ್ರಾಂ ಆಗುತ್ತದೆ, ಮಿಕ್ಕ ತೂಕ ಗಾಳಿಯದು ಅಂತ ಬರೆದು ತೋರಿಸಿದೆ. ಕ್ಲಾಸಿನಲ್ಲಿ ಎಷ್ಟೋ ಸಲ ಬರೆದಿದ್ದ ಸಮೀಕರಣ ಅದು.

ಇನ್ನೂ ದೊಡ್ಡ ಆಶ್ಚರ್ಯ ಎಸಿ ಗ್ಯಾಸಿನದು. ರಿಪೇರಿ ರಿಜಿಸ್ಟರ್‌ನಲ್ಲಿ ಆಗಾಗ "ಗ್ಯಾಸ್ ತುಂಬಿಸಲಾಯಿತು" ಅಂತ ಇತ್ತು. ತುಂಬಿಸಿದ್ದಾರೆ ಅಂದರೆ ಮೊದಲಿದ್ದದ್ದು ಸೋರಿ ಹೋಗಿದೆ ಅಂತ ಅರ್ಥ. ಆರ್-410ಎ ಅನ್ನುವ ಆ ಗ್ಯಾಸು 100 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ 2,000 ಪಟ್ಟಿಗೂ ಹೆಚ್ಚು ಶಾಖ ಹಿಡಿದಿಡುತ್ತದೆ. ಒಂದು ಕೆಜಿ ಸೋರಿದರೆ 700 ಲೀಟರಿಗಿಂತ ಜಾಸ್ತಿ ಡೀಸೆಲ್ ಸುಟ್ಟ ಹಾಗೆ. ಯಾರ ಕಣ್ಣಿಗೂ ಬೀಳದ ಒಂದು ಸಾಲು ರಿಜಿಸ್ಟರ್‌ನಲ್ಲಿ ಸುಮ್ನೆ ಕೂತಿತ್ತು. ಆ ದಿನ ಸಂಜೆ ನನಗೆ ಓದಲು ಬೇರೇನೂ ಬೇಕಾಗಲಿಲ್ಲ. ಹಳೆಯ ರಿಜಿಸ್ಟರ್‌ಗಳನ್ನೇ ಓದುತ್ತಾ ಕೂತಿದ್ದೆ.

ಆ ವರದಿ ಹಿಡಿದುಕೊಂಡೇ ಒಂದು ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಕೇಳಿದೆ, ಕೊಟ್ಟರು. ಅಲ್ಲಿ ಎನರ್ಜಿ ಆಡಿಟ್ ತಂಡದ ಜೊತೆ ಮೂರು ತಿಂಗಳು ಇದ್ದೆ. ದೊಡ್ಡ ಫ್ಯಾನೊಂದರ ವೇಗ 20% ಇಳಿಸಿದರೆ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದನ್ನು ಮೀಟರ್‌ನಲ್ಲಿ ಕಣ್ಣಾರೆ ಕಂಡೆ. ಬೇಕಾದ ಕರೆಂಟು ವೇಗದ ಘನಕ್ಕೆ ತಕ್ಕ ಹಾಗೆ ಏರಿಳಿಯುವುದರಿಂದ ಹೀಗಾಗುತ್ತದೆ. ಭಾಷಣ ಕೇಳಿ ಬಾರದ ನಂಬಿಕೆ ಆ ಮೀಟರಿನ ಮುಂದೆ ನಿಂತಾಗ ಬಂತು.

ಮೊದಲ ಕೆಲಸ ಮಾತ್ರ ನನಗೆ ತುಂಬಾ ನೋವು ಕೊಟ್ಟಿತು. ಅದೊಂದು ಸಲಹಾ ಸಂಸ್ಥೆ. ಒಬ್ಬ ಗ್ರಾಹಕರ ಅಂಕಿ ವರ್ಷದಿಂದ ವರ್ಷಕ್ಕೆ ಏರಿತ್ತು. ಹೋಲಿಕೆಗೆ ಇಟ್ಟ ಮೂಲ ವರ್ಷವನ್ನೇ ಬದಲಿಸಿ, ಇಳಿದ ಹಾಗೆ ತೋರಿಸು ಅಂದರು. ಕಂಪನಿ ಮಾರಾಟವಾದಾಗ, ಲೆಕ್ಕದ ಕ್ರಮವೇ ಬದಲಾದಾಗ ಮೂಲ ವರ್ಷದ ಲೆಕ್ಕ ತಿದ್ದುವುದಕ್ಕೆ ನಿಯಮಗಳಿವೆ. ಇಲ್ಲಿ ಅಂಥ ಯಾವ ಕಾರಣವೂ ಇರಲಿಲ್ಲ. ನಾನು ಮಾಡಲಿಲ್ಲ. ಕೆಲವು ತಿಂಗಳಲ್ಲಿ ಅಲ್ಲಿಂದ ಹೊರಗೆ ಬಂದೆ. ಮುಂದಿನ ಕೆಲಸ ಸಿಗುವವರೆಗೆ ದಿನ ಕಳೆಯುವುದು ಸುಲಭವಿರಲಿಲ್ಲ. ಆದರೆ ಆ ಬಿಡುವಿನಲ್ಲಿ ಐಎಸ್‌ಒ 14064 ಅನ್ನುವ, ಹಸಿರುಮನೆ ಅನಿಲಗಳ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡ ಕಲಿತೆ. ಅದರ ಮೂರನೇ ಭಾಗ ಇರುವುದೇ ಇಂಥ ಲೆಕ್ಕಗಳನ್ನು ಹೊರಗಿನವರು ಪರಿಶೀಲಿಸುವ ಬಗ್ಗೆ. ನನ್ನ ದಾರಿ ಅಲ್ಲಿಂದ ಪರಿಶೀಲನೆಯ ಕಡೆಗೆ ತಿರುಗಿತು.

"ಸಸ್ಟೇನಬಿಲಿಟಿ ಅನ್ನುವ ಹೆಸರಿನ ಡಿಗ್ರಿಯೇ ಬೇಕಾ?" ಇದು ಎಲ್ಲರೂ ಕೇಳುವ ಪ್ರಶ್ನೆ. ನನಗೆ ಹಾಗೆ ಅನ್ನಿಸುವುದಿಲ್ಲ. ನೀವು ಈಗ ಓದುತ್ತಿರುವ ವಿಷಯವನ್ನೇ ಗಟ್ಟಿ ಮಾಡಿಕೊಂಡು ಅದರ ಒಳಗಿಂದ ಬನ್ನಿ. ನಮ್ಮ ತಂಡದಲ್ಲಿ ಕಾಮರ್ಸ್ ಓದಿದವರಿದ್ದಾರೆ. 2023ರ ಜೂನ್‌ನಲ್ಲಿ ಐಎಫ್‌ಆರ್‌ಎಸ್ ಎಸ್‌2 ಅನ್ನುವ ಮಾನದಂಡ ಬಂತು. ಹವಾಮಾನದಿಂದ ಬರುವ ಅಪಾಯಗಳನ್ನು ಹೂಡಿಕೆದಾರರಿಗೆ ಹೇಗೆ ತಿಳಿಸಬೇಕು ಅಂತ ಅದು ಹೇಳುತ್ತದೆ. ಆಮೇಲೆ ಅವರ ಮೇಜಿನ ಮೇಲೆ ಕೆಲಸ ರಾಶಿ ಬಿದ್ದಿದೆ. ಸಿವಿಲ್ ಓದಿದ ಸಹೋದ್ಯೋಗಿ ಸಿಮೆಂಟ್ ನೋಡಿಕೊಳ್ಳುತ್ತಾರೆ. ಸಿಮೆಂಟ್ ತಯಾರಿಕೆಯಲ್ಲಿ ಬರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಸುಣ್ಣದಕಲ್ಲನ್ನು ಕಾಯಿಸಿದಾಗ ಆ ಕಲ್ಲಿನಿಂದಲೇ. ಇಂಧನ ಬದಲಿಸಿದರೂ ಅದು ಉಳಿಯುತ್ತದೆ. ಆದ್ದರಿಂದ ಸಿಮೆಂಟಿನ ಮಿಶ್ರಣವನ್ನೇ ಬದಲಿಸಬಲ್ಲವರು ಬೇಕು. ಕಾನೂನು ಓದಿದವರು ಪೂರೈಕೆದಾರರ ಒಪ್ಪಂದ ಬರೆಯುತ್ತಾರೆ. ಕಂಪ್ಯೂಟರ್ ಓದಿದವರ ಅಗತ್ಯವಂತೂ ಹೇಳುವುದೇ ಬೇಡ.

ಒಂದು ವಸ್ತು ಹುಟ್ಟಿದಲ್ಲಿಂದ ಕಸವಾಗುವವರೆಗಿನ ಲೆಕ್ಕ, ಅಂದರೆ ಎಲ್‌ಸಿಎ, ಇಷ್ಟವಾದರೆ ಓಪನ್‌ಎಲ್‌ಸಿಎ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಐಎಸ್‌ಒ 14040 ಮತ್ತು 14044 ಈ ಕೆಲಸದ ಮಾನದಂಡಗಳು. ಯಾವುದಾದರೂ ಒಂದು ಸಣ್ಣ ವಸ್ತು ಹಿಡಿದು ಪೂರ್ತಿ ಮಾಡಿ ನೋಡಿ. ಹತ್ತು ಸರ್ಟಿಫಿಕೇಟ್‌ಗಳಿಗಿಂತ ಅಂಥ ಒಂದು ಕೆಲಸ ನನಗೆ ಹೆಚ್ಚು ಹೇಳುತ್ತದೆ.

ಹೋದ ತಿಂಗಳು ಒಬ್ಬ ಹುಡುಗಿ ಸಂದರ್ಶನಕ್ಕೆ ಬಂದಿದ್ದಳು. ತನ್ನ ವಿಭಾಗದ ಲ್ಯಾಬಿನ ಲೆಕ್ಕ ತಂದಿದ್ದಳು. ಕೊನೆಯ ಕಾಲಂನಲ್ಲಿ ಒಂದು ಟಿಪ್ಪಣಿ: "ಈ ತಿಂಗಳ ರೀಡಿಂಗ್ ಸಿಗಲಿಲ್ಲ. ಹಿಂದಿನ ಮತ್ತು ಮುಂದಿನ ತಿಂಗಳ ಸರಾಸರಿ ಹಾಕಿದ್ದೇನೆ. ರಜೆ ಇದ್ದದ್ದರಿಂದ ನಿಜವಾದದ್ದು ಇದಕ್ಕಿಂತ ಕಡಿಮೆ ಇರಬಹುದು." ಬೇರೆ ಪ್ರಶ್ನೆ ಕೇಳುವ ಮೊದಲೇ ನನ್ನ ಮನಸ್ಸು ತೀರ್ಮಾನ ಮಾಡಿತ್ತು. ಮುಂದಿನ ವಾರ ಅವಳು ಕೆಲಸಕ್ಕೆ ಸೇರುತ್ತಾಳೆ. ಮೊದಲ ದಿನ ಕಾರ್ಖಾನೆಯ ಬಾಯ್ಲರ್ ಮನೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಆಪರೇಟರ್‌ಗೆ ಈಗಾಗಲೇ ಹೇಳಿಟ್ಟಿದ್ದೇನೆ, ಹಳೆಯ ರಿಜಿಸ್ಟರ್‌ಗಳನ್ನು ತೆಗೆದಿಡಿ ಅಂತ.